ಹನ್ನೆರಡು ಅಂಕಣ ಹೆಂಚು

ಕಾರೇಬೋರೆ
ದಬ್ಬೇಘಟ್ಟ ಹೋಬಳಿ
19-11-1978

ಮಗಳು ಹೊಂಬಾಳೆಗೆ ಅಪ್ಪ ಲಕ್ಕಯ್ಯ ಬರೆಯುವುದು.

ನಾನು ಚೆನ್ನಾಗಿದ್ದೇನೆ. ನಿನ್ನವ್ವನ ಮೊಣಕಾಲು ಚೆನ್ನಾಗಿಲ್ಲ. ದೀಪಾವಳಿಗೆ ನೀನು ಬರಲಿಲ್ಲ. ಅವಳು ಎರಡು ದಿನ ಬಸ್ಸಿನ ಹೊತ್ತಿಗೆ ಹೊರಗೆ ಬಂದು ನಿಂತಳು, ನಾನು ನಿಲ್ಲಲಿಲ್ಲ. ಟೈಪಿಸ್ಟ್ ಕೆಲಸಕ್ಕೆ ಹೋಗಬೇಡ ಎಂದು ಅವತ್ತು ನಾನು ಬೈದದ್ದನ್ನು ನೀನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಇಟ್ಟುಕೊ. ಅದನ್ನು ವಾಪಸ್ಸು ತೆಗೆದುಕೊಳ್ಳಲು ನಾನು ಈ ಕಾಗದ ಬರೆಯುತ್ತಿಲ್ಲ.

ಬೇರೆ ಕೆಲಸವಿದೆ. ಊರ ಪಡುವಲಿನ ಕಲ್ಲುಬೋರೆಯ ದಿಣ್ಣೆಯ ಮೇಲೆ ಹನ್ನೊಂದು ಸಂಸಾರಗಳಿಗೆ ಸರ್ಕಾರ ನಿವೇಶನ ಕೊಟ್ಟಿದೆ. ಕೈಗೆ ಹಕ್ಕುಪತ್ರವೂ ಬಂತು. ಯಾರು ಯಾರು ಎಂದು ನಿನಗೆ ಗೊತ್ತು. ನಾರಿಗೆ ತೆಂಗಿನ ಮಟ್ಟೆ ಬಡಿಯುವವರು, ಹಗ್ಗ ಹೊಸೆಯುವವರು, ಕಾಯಿ ಕೆಡವುವವರು. ಇಷ್ಟು ವರ್ಷ ತೋಟದವರ ಬೇಲಿಮೂಲೆಯಲ್ಲಿ ಗರಿ ಗುಡಿಸಲು ಹಾಕಿಕೊಂಡಿದ್ದರು. ತೋಟದವರಿಗೆ ಸಿಟ್ಟು ಬಂದ ದಿನ ಗುಡಿಸಲು ಕಿತ್ತುಕೊಂಡು ಇನ್ನೊಂದು ಬೇಲಿಗೆ ಹೋಗುವುದು ಅವರ ಬದುಕು.

ಸರ್ಕಾರ ನೆಲ ಕೊಟ್ಟಿತು, ಮನೆ ಕೊಡಲಿಲ್ಲ. ಹನ್ನೊಂದು ಜನವೂ ಬಂದು ನನ್ನ ಜಗುಲಿಯ ಮೇಲೆ ಕೂತರು. ಗೋಡೆ ಕಟ್ಟಿಕೊಡು ಎಂದರು. ಕೂಲಿ ಕೊಡುವ ತಾಕತ್ತು ಇದೆಯೇನ್ರೋ ಎಂದು ಕೇಳಿದೆ. ತಲೆ ತಗ್ಗಿಸಿದರು. ಬೈದು ಎಬ್ಬಿಸಿ ಕಳಿಸಿದೆ. ಮಾರನೆಯ ದಿನ ನಾನೇ ಹೋಗಿ ಹೇಳಿದೆ, ಕೂಲಿ ಬೇಡ, ಮುಯ್ಯಾಳಿನ ಮೇಲೆ ಕಟ್ಟೋಣ ಎಂದು. ರಾಗಿ ಕುಯ್ಲಿಗೆ ಹೇಗೋ ಹಾಗೆ. ಇವತ್ತು ನಿನ್ನ ಮನೆಗೆ ನಾವೆಲ್ಲ, ನಾಳೆ ಅವನ ಮನೆಗೆ ನೀನೂ ಸೇರಿ ಎಲ್ಲ. ಮಣ್ಣು ತುಳಿಯುವುದು, ನೀರು ಹೊರುವುದು, ಮರ ಎತ್ತುವುದು ಎಲ್ಲವೂ ಮುಯ್ಯಿ. ಗೋಡೆ ಮಾತ್ರ ನನ್ನ ಕೈಯದು.

ಮರಕ್ಕೆ ತೋಟ ತೋಟ ತಿರುಗಿದೆ. ಫಲ ಬಿಟ್ಟ ಮರ ಕಡಿಯಲು ಯಾರೂ ಒಪ್ಪುವುದಿಲ್ಲ, ನಾನೂ ಕೇಳಲಿಲ್ಲ. ಮುದಿಯಾಗಿ ಕಾಯಿ ನಿಂತ ಮರ ಮನೆಗೊಂದು ಕೊಟ್ಟರು. ದೊಡ್ಡ ತೋಟದ ಶ್ರೀರಂಗಯ್ಯನವರು ಒಬ್ಬರೇ ಐದು ಕೊಟ್ಟರು. ಹೆಂಚಿಗೆ, ತೋಟದವರೆಲ್ಲ ಕಾಯಿ ಕೆಡವಿದಾಗಲೆಲ್ಲ ಹತ್ತು ಮರಕ್ಕೊಂದು ಗೊನೆ ಬೋರೆಯ ಮನೆಗಳಿಗೆ ಎಂದು ಬಿಟ್ಟಿದ್ದಾರೆ. ಅದನ್ನು ಅಟ್ಟದ ಮೇಲೆ ವರ್ಷವಿಟ್ಟು ಕೊಬ್ಬರಿ ಮಾಡುವಷ್ಟು ಪುರುಸೊತ್ತು ನಮಗಿಲ್ಲ. ಹಸಿಗಾಯಿಯನ್ನೇ ತಿಪಟೂರಿಗೆ ಹೊಡೆದು ಮಾರಿ, ಬರುವಾಗ ಅದೇ ಗಾಡಿಯಲ್ಲಿ ಹೆಂಚು ತರುತ್ತೇವೆ.

ನಿವೇಶನದ ಕಾಗದಗಳೆಲ್ಲ ನೀನಿರುವ ಕಚೇರಿಯಲ್ಲೇ ಓಡಾಡುತ್ತವೆ ಎಂದು ಕೇಳಿದೆ. ತಳಪಾಯಕ್ಕೆ ನಾಲ್ಕು ಚೀಲ ಸಿಮೆಂಟಿನ ಪರ್ಮಿಟ್ಟು ಕೊಡಿಸು. ಅಮ್ಮಸಂದ್ರದ ಕಾರ್ಖಾನೆಯಿಂದ ಚೀಲ ಹೊತ್ತ ಲಾರಿಗಳು ನಮ್ಮ ಕಣ್ಣ ಮುಂದೆಯೇ ಹೋಗುತ್ತವೆ.

ಬರುವುದಾದರೆ ಬಾ.

ಲಕ್ಕಯ್ಯ

•

ತಿಪಟೂರು
2-12-1978

ತೀರ್ಥರೂಪು ಅಪ್ಪನವರಿಗೆ ಹೊಂಬಾಳಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅವ್ವನ ಮೊಣಕಾಲಿಗೆ ಹಚ್ಚಲು ಎಣ್ಣೆ ಕಳಿಸಿದ್ದೇನೆ. ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ, ಕೇಳಿ ಇಸಿದುಕೊಳ್ಳಿ.

ಸಿಮೆಂಟಿನ ಪರ್ಮಿಟ್ಟು ನನ್ನ ಕೈಯಲ್ಲಿಲ್ಲ. ನಾನು ಟೈಪು ಮಾಡುವವಳು, ಅಷ್ಟೇ. ಇದ್ದಿದ್ದರೂ ಕೇಳುತ್ತಿರಲಿಲ್ಲ. ಲಕ್ಕಯ್ಯನ ಮಗಳು ಒಳಗಿಂದ ಮಾಡಿಸಿಕೊಟ್ಟಳು ಎನ್ನುವ ಮಾತು ನಿಮಗೂ ಬೇಡ, ನನಗೂ ಬೇಡ.

ಒಂದು ಹೇಳಬಲ್ಲೆ. ಇದು ಗುಟ್ಟೇನಲ್ಲ, ಎಲ್ಲರ ಕೈಯಲ್ಲೂ ಇರುವುದೇ. ಹಕ್ಕುಪತ್ರದ ಹಿಂಭಾಗದಲ್ಲಿ ಷರತ್ತುಗಳು ಅಚ್ಚಾಗಿವೆ. ದಯವಿಟ್ಟು ಅದನ್ನು ಓದಿ, ಇಲ್ಲವೇ ಶಾಲೆಯ ಮೇಷ್ಟ್ರ ಕೈಲಿ ಓದಿಸಿ. ಕೆಲಸ ಮುಂದುವರಿಸುವ ಮೊದಲೇ ಓದಿಸಿ.

ದೀಪಾವಳಿಗೆ ಬರದಿದ್ದುದಕ್ಕೆ ಕಾರಣವಿತ್ತು. ಬರೆದರೆ ಉದ್ದವಾಗುತ್ತದೆ.

ನಿಮ್ಮ ಮಗಳು,
ಹೊಂಬಾಳಮ್ಮ

•

ಕಾರೇಬೋರೆ
17-1-1979

ಹೊಂಬಾಳೆಗೆ,

ಎಣ್ಣೆ ಬಂತು. ನಿನ್ನವ್ವ ಹಚ್ಚಿಕೊಂಡು ನಡೆಯುತ್ತಿದ್ದಾಳೆ.

ಮೂರು ಮನೆ ಮುಗಿದವು. ನಾಲ್ಕನೆಯದಕ್ಕೆ ಹೆಂಚು ಏರುತ್ತಿದೆ. ಯಾರ ಮನೆ ಮೊದಲು ಎಂದು ಚೀಟಿ ಎತ್ತಿಸಿದೆವು. ಮೊದಲನೆಯ ಚೀಟಿ ಹಗ್ಗದ ಭೂತಮ್ಮನಿಗೆ ಬಂತು. ಗಂಡ ಸತ್ತು, ಬೆನ್ನು ಬಾಗಿ, ಒಂದು ಬುಟ್ಟಿ ಮಣ್ಣು ಎತ್ತಲಾರದವಳು. ಅವಳು ಮುಯ್ಯಿ ಹೇಗೆ ತೀರಿಸುತ್ತಾಳೆ ಎಂದು ಕೆಲವರು ಗೊಣಗಿದರು. ಚೀಟಿ ಎಂದ ಮೇಲೆ ಚೀಟಿ ಎಂದೆ. ಅವಳು ಪ್ರತಿದಿನ ಎಲ್ಲರಿಗೂ ಮುದ್ದೆ ತಿರುವುತ್ತಾಳೆ, ಬಾಯಿಗೆ ಬಂದದ್ದು ಅನ್ನುತ್ತಾಳೆ. ಕೊನೆಯ ಚೀಟಿ ಕಾಯಿ ಕೆಡವುವ ಸಣ್ಣತಿಮ್ಮಯ್ಯನಿಗೆ ಬಂತು. ಅವನು ಏನೂ ಅನ್ನಲಿಲ್ಲ. ಅವನು ಯಾವತ್ತೂ ಏನೂ ಅನ್ನುವುದಿಲ್ಲ, ಅದಕ್ಕೇ ಅವನನ್ನು ಕಂಡರೆ ನನಗೆ ಸಿಟ್ಟು.

ಒಂದಂಕಣ ಕಟ್ಟಿದರೆ ಸಾಕಂತೆ, ಕಾಗದ ಹಂಚಲು ಬಂದವನು ಹೇಳಿ ಹೋದ. ಕಂಬದಿಂದ ಕಂಬಕ್ಕೆ ಒಂದೇ ಅಂಕಣ ಎಂದರೆ ಒಂದು ಕೋಣೆ. ಅದರಲ್ಲಿ ಗಂಡ ಹೆಂಡತಿ, ಮಕ್ಕಳು, ಒಲೆ, ಮೇಕೆ. ಅದನ್ನು ಮನೆ ಎನ್ನುವವನು ಅಲ್ಲಿ ಒಂದು ವಾರ ಮಲಗಿ ತೋರಿಸಲಿ. ನಾನು ಮನೆಗೆ ಮೂರಂಕಣ ಕಟ್ಟುತ್ತಿದ್ದೇನೆ. ಬಡವರ ಮನೆ ಎಂದು ಯಾರೂ ಮೂಗೆಳೆಯಬಾರದು.

ಮುಯ್ಯಾಳಿನ ಕ್ರಮ ನಿನಗೆ ಗೊತ್ತಲ್ಲ. ಒಂದು ಹೊಲ ಕುಯ್ದು ಮುಗಿಯದೆ ಇನ್ನೊಂದು ಹೊಲಕ್ಕೆ ಕಾಲಿಡುವುದಿಲ್ಲ. ಇಲ್ಲೂ ಹಾಗೇ. ಒಂದು ಮನೆಗೆ ಹೆಂಚು ಹೊದಿಸಿ, ಬಾಗಿಲಿಟ್ಟು, ಸುಣ್ಣ ಬಳಿದು, ಒಲೆ ಹಚ್ಚಿದ ಮೇಲೆಯೇ ಇನ್ನೊಂದಕ್ಕೆ ಗುದ್ದಲಿ. ಮರ ಕುಯ್ಯಲು ತುರುವೇಕೆರೆಯ ಖಾಸಿಂ ಸಾಬ್ ಬರುತ್ತಾರೆ. ಮುದಿ ತೆಂಗಿನ ಹೊರಮೈ ಕಬ್ಬಿಣದ ಹಾಗಿರುತ್ತದೆ, ಅದನ್ನು ಸೀಳಿ ತೊಲೆ, ರೀಪರು ಮಾಡುವುದರಲ್ಲಿ ಅವರ ಗರಗಸದ ಮುಂದೆ ಇನ್ನೊಂದಿಲ್ಲ. ಅವರಿಗೆ ನನ್ನ ಕ್ರಮ ಹಿಡಿಸಿಲ್ಲ. ಮೊಳದೆತ್ತರ ಒಂದು ವರಸೆ ಗೋಡೆಯಿಟ್ಟು ಅದು ಒಣಗುವವರೆಗೆ ಇಷ್ಟು ಜನ ಬೀಡಿ ಸೇದುತ್ತಾ ಕೂರುತ್ತೀರಲ್ಲ, ಪಕ್ಕದ ಮನೆಯ ವರಸೆ ಇಡಬಾರದೆ ಎಂದರು. ನಿಮ್ಮ ಗರಗಸ ನೀವು ನೋಡಿಕೊಳ್ಳಿ ಎಂದೆ.

ಹಕ್ಕುಪತ್ರದ ಹಿಂಭಾಗ ನೋಡಿದೆ. ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ, ನನ್ನ ಕಣ್ಣಿಗೆ ಹತ್ತಲಿಲ್ಲ. ಮೇಷ್ಟ್ರನ್ನು ಹುಡುಕಿಕೊಂಡು ಹೋಗುವ ಪುರುಸೊತ್ತೂ ಇರಲಿಲ್ಲ. ಮುಂಭಾಗದಲ್ಲಿ ಸೀಲಿದೆ, ಹೆಸರಿದೆ. ಸಾಕು.

ಸಂಕ್ರಾಂತಿಗೆ ನೀನು ಬರುತ್ತೀಯೆಂದು ಎಳ್ಳು ಬೀರುವುದನ್ನು ನಿನ್ನವ್ವ ಸಂಜೆಯವರೆಗೆ ಮುಂದೂಡಿದಳು.

ಇಂತು ನಿನ್ನಪ್ಪ

•

ಕಾರೇಬೋರೆ
9-2-1979

ಹೊಂಬಾಳೆ,

ಇವತ್ತು ಹನ್ನೊಂದು ಮನೆಗೂ ನೋಟೀಸು ಬಂತು. ಮಾರ್ಚಿ ಮೂವತ್ತೊಂದರೊಳಗೆ ಪ್ರತಿ ನಿವೇಶನದಲ್ಲೂ ಕಡೇಪಕ್ಷ ಒಂದಂಕಣ ಗೋಡೆಯೆದ್ದು, ಬಾಗಿಲು ಕೂತು, ಹೆಂಚು ಹೊದಿಸಿರಬೇಕಂತೆ. ಗರಿ, ಹುಲ್ಲು ಹೊದಿಸಿದ್ದು ಲೆಕ್ಕಕ್ಕಿಲ್ಲವಂತೆ. ಇಲ್ಲದಿದ್ದರೆ ಆ ನಿವೇಶನ ಸರ್ಕಾರಕ್ಕೆ ವಾಪಸ್ಸಂತೆ. ಮೇಷ್ಟ್ರು ಓದಿ ಹೇಳಿದರು. ಇದೇ ಮಾತು ಹಕ್ಕುಪತ್ರದ ಹಿಂದೆಯೂ ಇದೆ ಎಂದು ತಿರುಗಿಸಿ ತೋರಿಸಿದರು.

ನೋಟೀಸಿನ ಕೆಳಗೆ ಎಡಮೂಲೆಯಲ್ಲಿ ಸಣ್ಣದಾಗಿ 'ಹೊಂ' ಎಂದಿದೆ. ಅದು ಏನೆಂದು ಮೇಷ್ಟ್ರನ್ನು ಕೇಳಿದೆ. ಟೈಪು ಮಾಡಿದವರ ಗುರುತು ಎಂದರು. ಹನ್ನೊಂದು ಜನ ನನ್ನ ಮುಖ ನೋಡಿದರು. ನಾನು ಹುಟ್ಟಿಸಿದವಳ ಕೈಯಿಂದ ಈ ಕಾಗದ ಬರಬೇಕಿತ್ತೆ? ಆ ಕಚೇರಿಯಲ್ಲಿ ಬೇರೆ ಕೈಗಳಿರಲಿಲ್ಲವೆ?

ನಾಲ್ಕು ಮನೆ ಮುಗಿದಿವೆ. ಏಳು ನಿವೇಶನಗಳಲ್ಲಿ ನಾಲ್ಕು ಮೂಲೆಗೆ ನಾಲ್ಕು ಗೂಟ ಬಿಟ್ಟರೆ ಏನೂ ಇಲ್ಲ. ಹೆಂಚು ಮುಗಿದಿದೆ. ಮುಂದಿನ ಕಾಯಿ ಕೆಡವುವುದು ಏಪ್ರಿಲಿಗೆ. ಶ್ರೀರಂಗಯ್ಯನವರು ಖಾಲಿ ಬಿದ್ದ ನಿವೇಶನಗಳನ್ನು ತೆಂಗಿನ ಸಸಿಮಡಿಗೆ ಗುತ್ತಿಗೆ ಕೊಡಿ ಎಂದು ಅರ್ಜಿ ಹಾಕಿದ್ದಾರೆ. ನಾನು ಹೋಗಿ ಎದುರು ನಿಂತು ಕೇಳಿದೆ. ಅವರು ಕೂತ ಕಡೆಯಿಂದ ಏಳದೆ ಹೇಳಿದರು, “ನಾನ್ ಕೊಟ್ಟ ಮರ ವಾಪಸ್ ಕೇಳ್ತಿಲ್ಲ ಲಕ್ಕಯ್ಯ. ಕಟ್ಟಿರೋ ನಾಕು ಮನೆ ತಂಟೆಗೂ ಬರಲ್ಲ. ಖಾಲಿ ನೆಲ ಕೇಳ್ತಿದ್ದೀನಿ. ತಪ್ಪೇನೈತೆ?”

ತಪ್ಪೇನಿದೆ ಎಂದು ನನಗೂ ಹೇಳಲು ಬರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಲಕ್ಕಯ್ಯ

•

ತಿಪಟೂರು
13-2-1979

ಅಪ್ಪನವರಿಗೆ,

ಹೌದು, ಟೈಪು ಮಾಡಿದ್ದು ನಾನೇ. ಹನ್ನೊಂದೂ ನಾನೇ. ಮೇಜಿನ ಮೇಲೆ ಬಂದದ್ದನ್ನು ಮಾಡುವುದು ನನ್ನ ಕೆಲಸ. ಕಾರೇಬೋರೆ ಎಂಬ ಹೆಸರು ಕಂಡಾಗ ಪಕ್ಕದ ಮೇಜಿನವರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಬೇರೆಯವರು ಮಾಡಿದ್ದರೆ ಒಂದು ಹೆಸರಿನಲ್ಲಿ ತಪ್ಪಾಗುತ್ತಿತ್ತೋ ಏನೋ. ಹೆಸರಿನಲ್ಲಿ ತಪ್ಪಿದ್ದರೆ ಆ ನಿವೇಶನಕ್ಕೆ ಆಮೇಲೆ ಎಷ್ಟು ತೊಂದರೆಯಾಗುತ್ತದೆ ಎಂದು ಇಲ್ಲಿ ಕೂತು ದಿನಾ ನೋಡುತ್ತೇನೆ. ಸಣ್ಣತಿಮ್ಮಯ್ಯ ಮಾವನ ಹೆಸರನ್ನು ಎರಡು ಸಲ ಓದಿ ನೋಡಿ ಕಳಿಸಿದೆ.

ಡಿಸೆಂಬರಿನಲ್ಲೇ ಹಿಂಭಾಗ ಓದಿಸಿ ಎಂದು ಬರೆದಿದ್ದೆ. ನೀನು ಓದಿಸಲಿಲ್ಲ ಅಪ್ಪ. ನಾನು ಹೇಳಿದ್ದನ್ನು ನೀನು ಯಾವತ್ತು ಕೇಳಿದ್ದೀಯ? ಮೂರಂಕಣ ಕಟ್ಟು, ಬೇಡ ಅನ್ನುವುದಿಲ್ಲ. ಎಲ್ಲರಿಗೂ ಒಂದಂಕಣ ಎದ್ದ ಮೇಲೆ ಕಟ್ಟಬಹುದಿತ್ತು. ನಾಲ್ಕು ಮನೆಗೆ ಸುಣ್ಣ ಬಳಿದುಕೊಂಡು ಕೂತದ್ದು ಯಾರ ಹೆಮ್ಮೆಗೆ?

ಇನ್ನು ಮುಂದೆ ಬೋರೆಯ ಮನೆಗಳ ವಿಷಯ ನನಗೆ ಬರೆಯಬೇಡಿ. ಓದಿದ ಮೇಲೆ ಕಚೇರಿಯಲ್ಲಿ ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನಲು ನನಗೆ ಬರುವುದಿಲ್ಲ. ಅದನ್ನು ಕಲಿಸಿದವರೂ ನೀವೇ.

ಹೊಂಬಾಳಮ್ಮ

•

ಕಾರೇಬೋರೆ
4-3-1979

ಹೊಂಬಾಳೆಗೆ,

ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ನಾವು ಮಾಡುತ್ತಿರುವುದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಯಾರು ಕೇಳಿದರೂ ಹೇಳು.

ನಿನ್ನ ಕಾಗದ ಬಂದ ಸಂಜೆ ಬೋರೆಯ ಮೇಲೆ ಎಲ್ಲರೂ ಸೇರಿದರು. ಇರುವ ದಿನಗಳಲ್ಲಿ ಏಳು ಮನೆಗೂ ಒಂದಂಕಣ ಗೋಡೆ ಎಬ್ಬಿಸಬಹುದು, ಏಳೂ ಕಡೆ ಒಟ್ಟಿಗೆ ಶುರು ಮಾಡಿದರೆ ಎಂದು ಖಾಸಿಂ ಸಾಬ್ ಹೇಳಿದರು. ಒಂದು ಕಡೆ ವರಸೆ ಒಣಗುವಷ್ಟರಲ್ಲಿ ಇನ್ನೊಂದು ಕಡೆ ವರಸೆ. ಈ ಸಲ ನಾನು ಎದುರಾಡಲಿಲ್ಲ. ಆದರೆ ಹೆಂಚು? ಆಗ ಭೂತಮ್ಮ ಹಗ್ಗ ಹೊಸೆಯುತ್ತಿದ್ದ ಕೈ ನಿಲ್ಲಿಸದೆಯೇ ಹೇಳಿದಳು:

“ಮುಗ್ದಿರೋವು ನಾಕು ಮನೆ. ಮನೆಗೆ ಮೂರಂಕಣ, ಒಟ್ಟು ಹನ್ನೆರ್ಡು ಅಂಕಣ ಹೆಂಚೈತೆ. ಒಂದಂಕಣ ಸಾಕು ಅಂತ ಅವ್ರೇ ಬರ್ದವ್ರೆ. ಹನ್ನೊಂದು ಮನೆಗೆ ಹನ್ನೊಂದು. ಇಳಿಸೋವಾಗ ಒಡ್ದೋಗೋಕೆ ಒಂದು. ಇನ್ನೇನ್ ಬೇಕು?”

ನನಗೆ ತಲೆಗೇರಿತು. ಒಂದೊಂದು ಹೆಂಚನ್ನೂ ನೋಡಿ, ತಟ್ಟಿ ಸದ್ದು ಕೇಳಿ ಹೊದಿಸಿದವನು ನಾನು. ಮುಗಿದ ಮನೆಯ ಸೂರು ಕೀಳುವುದೆಂದರೆ ಏನು? ನನ್ನ ಕೈ ಹೊದಿಸಿದ್ದನ್ನು ಯಾರಾದರೂ ಇಳಿಸಿದರೆ ಈ ಬೋರೆಗೆ ಮತ್ತೆ ಕಾಲಿಡುವುದಿಲ್ಲ ಎಂದೆ. ಹೆಂಚಿದ್ದ ಉಳಿದ ಮೂರು ಮನೆಯವರು ನನ್ನ ಹಿಂದೆ ನಿಂತರು. ಅವರದು ನನ್ನ ಮೇಲಿನ ಮರ್ಯಾದೆಯಲ್ಲ, ಹೆಂಚಿನ ಮೇಲಿನ ಆಸೆ. ತಪ್ಪಲ್ಲ. ಗರಿ ಸೋರುವ ಗುಡಿಸಲಲ್ಲಿ ಹುಟ್ಟಿ ಬೆಳೆದವರಿಗೆ ಮೊದಲ ಸಲ ತಲೆಯ ಮೇಲೆ ಹೆಂಚು ಬಂದಿದೆ.

ಭೂತಮ್ಮ ನನ್ನನ್ನೇ ನೋಡಿ ಹೇಳಿದಳು, “ಲಕ್ಕಣ್ಣ, ನನ್ ಗೋಡೆಗೆ ಮಣ್ಣು ತುಳ್ದೋರ ಕಾಲು ಒಂದೊಂದೂ ನಂಗೆ ಗೊತ್ತು. ಆ ಮುಯ್ಯಿ ತೀರ್ಸಕ್ಕೆ ನನ್ ಮೈಯಾಗೆ ಸಕ್ತಿ ಇಲ್ಲ. ಹೆಂಚೈತೆ. ನೀನು ಬ್ಯಾಡ ಅನ್ನಕ್ಕೆ ಯಾರು?”

ನಾನು ಎದ್ದು ಮನೆಗೆ ಬಂದೆ. ಮೂರು ದಿನ ಹೊರಗೆ ಹೋಗಲಿಲ್ಲ. ನಿನ್ನವ್ವ ಊಟ ತಂದಿಟ್ಟು ಹೋಗುವಳು. ಮೂರನೆಯ ದಿನ ಮುದ್ದೆಯ ತಟ್ಟೆ ಇಡುತ್ತಾ, ಬೋರೆಯಲ್ಲಿ ಹೆಂಚು ಒಡೆಯುವ ಸದ್ದು ಬೆಳಿಗ್ಗೆಯಿಂದ ಕೇಳುತ್ತಿದೆ, ಇಳಿಸಲು ಬಾರದವರು ಇಳಿಸುತ್ತಿದ್ದಾರೆ ಎಂದಳು. ಅಷ್ಟೇ ಅಂದಳು.

ಹೋಗಿ ನೋಡಿದರೆ ಭೂತಮ್ಮನ ಮಾಡಿನ ಮೇಲೆ ಸಣ್ಣತಿಮ್ಮಯ್ಯ ಕೂತಿದ್ದ. ತೆಂಗಿನ ಮರ ಹತ್ತುವವನು ಮಾಡಿನ ಮೇಲೂ ಮರ ತಬ್ಬಿದ ಹಾಗೇ ತಬ್ಬಿಕೊಂಡಿದ್ದ. ಎಂಟು ಹೆಂಚು ಒಡೆದಿದ್ದವು. ಇಳಿಯೋ ಕೆಳಗೆ ಎಂದು ಕೂಗಿ ನಾನು ಹತ್ತಿದೆ. ಮೇಲಿನ ಸಾಲಿನಿಂದ ಬಿಚ್ಚಬೇಕು, ಕೆಳಗಿನಿಂದಲ್ಲ. ಒಂದೊಂದಾಗಿ ಕೊಟ್ಟೆ. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಖಾಸಿಂ ಸಾಬ್ ಕೆಳಗಿನಿಂದ, “ಏನ್ ಉಸ್ತಾದ್, ಬೋರೆಗೆ ಕಾಲಿಡಲ್ಲ ಅಂದಿದ್ರಂತೆ?” ಎಂದರು. ಕಾಲಿಟ್ಟಿಲ್ಲವಲ್ಲ, ಮಾಡಿನ ಮೇಲಿದ್ದೇನೆ ಎಂದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡನೆಯ ಮನೆಯವನು ಬಂದು ನನ್ನದೂ ಇಳಿಸು ಎಂದ. ನಾಲ್ಕನೆಯ ಮನೆಯವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಅವಳನ್ನು ಯಾರೂ ಕರೆಯಬೇಡಿ ಎಂದೆ. ಎರಡು ದಿನ ಬಿಟ್ಟು ಅವಳೇ ಬಾಗಿಲು ತೆಗೆದು, ಏಣಿ ಎಲ್ಲಿ ಎಂದು ಕೇಳಿದಳು.

ಈಗ ನಾಲ್ಕು ಮನೆಗಳಲ್ಲೂ ಒಂದಂಕಣ ಹೆಂಚು, ಎರಡಂಕಣ ಹೆಣೆದ ಗರಿ. ಏಳು ಕಡೆ ಗೋಡೆ ಏಳುತ್ತಿದೆ. ಊರಿನ ಹಳೆಯ ಗಡಿಗೆ ಕೊಡಗಳೆಲ್ಲ ಬೋರೆಯ ಮೇಲಿವೆ. ನಿನ್ನವ್ವ ಮೊಣಕಾಲು ಕಟ್ಟಿಕೊಂಡು ಬಂದು ಮಣ್ಣಿಗೆ ನೀರು ಚಿಮುಕಿಸುತ್ತಾಳೆ.

ನೀನು ಹೆಮ್ಮೆಯ ಮಾತು ಬರೆದಿದ್ದೆ. ಓದಿದೆ.

ಲಕ್ಕಯ್ಯ

•

ಕಾರೇಬೋರೆ
1-4-1979

ಹೊಂಬಾಳೆಗೆ,

ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದೇನಿಲ್ಲ. ನಡೆದದ್ದು ಬರೆಯುತ್ತೇನೆ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಜೀಪಿನಲ್ಲಿ ಇನ್ಸ್‌ಪೆಕ್ಟರು ಬಂದರು. ಕನ್ನಡಕದ, ಸಣ್ಣ ದನಿಯ ಮನುಷ್ಯ. ಟೇಪು ಹಿಡಿದು ಪ್ರತಿ ಮನೆಯನ್ನೂ ಅಳೆದರು. ಬಾಗಿಲು ಹಾಕಿ ತೆಗೆದು ನೋಡಿದರು. ತಲೆಯೆತ್ತಿ ಹೆಂಚು ನೋಡಿದರು. ಮೊದಲ ನಾಲ್ಕು ಮನೆಗಳ ಎರಡೆರಡು ಅಂಕಣ ಗರಿಯನ್ನೂ ನೋಡಿದರು. ಅರ್ಥವಾಯಿತು ಎಂದು ಕಾಣುತ್ತದೆ, ಕೇಳಲಿಲ್ಲ. ಹತ್ತು ಮನೆಗೆ ಸರಿ ಎಂದು ಬರೆದುಕೊಂಡರು.

ಹನ್ನೊಂದನೆಯದು ಸಣ್ಣತಿಮ್ಮಯ್ಯನದು. ಎಲ್ಲಕ್ಕಿಂತ ಕೊನೆಗೆ ಎದ್ದ ಗೋಡೆ, ಮೇಲಿನ ಎರಡು ವರಸೆಗಳನ್ನು ನಾಲ್ಕು ದಿನದ ಹಿಂದೆ ಇಟ್ಟದ್ದು. ಹೊರಗೆ ಸುಣ್ಣ ಬಳಿಯೋಣ, ಗೊತ್ತಾಗುವುದಿಲ್ಲ ಎಂದು ಒಬ್ಬ ಹೇಳಿದ್ದ. ಅವನ ಕೈಯಿಂದ ಸುಣ್ಣದ ಗಡಿಗೆ ಕಿತ್ತುಕೊಂಡಿದ್ದೆ. ಇನ್ಸ್‌ಪೆಕ್ಟರು ಬೇಲಿಯಿಂದ ಒಂದು ಕಡ್ಡಿ ಮುರಿದು ಗೋಡೆಗೆ ಚುಚ್ಚಿದರು. ಕಡ್ಡಿ ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಯಿತು. ಇದು ಹಸಿ, ಇದನ್ನು ಮನೆ ಎಂದು ಹೇಗೆ ಬರೆಯಲಿ ಎಂದರು.

ಹಸಿಯೇ ಎಂದೆ. ಒಣಗಲು ಇಪ್ಪತ್ತು ದಿನ ಬೇಕು, ನಿಮ್ಮ ತಾರೀಖು ಕೊಡಲಿಲ್ಲ ಎಂದೆ. ಅವರು ಹತ್ತು ಎಂದು ಬರೆಯಲು ಪೆನ್ನು ತೆಗೆದರು. ಸಣ್ಣತಿಮ್ಮಯ್ಯ ಮೊದಲ ಸಲ ಬಾಯಿ ಬಿಟ್ಟ. “ಹತ್ತು ಆತಲ್ಲ. ನಂದೊಂದು ಹೋದ್ರೆ ಹೋಗ್ಲಿ ಬುಡಿ,” ಎಂದ. ಬಾಯಿ ಮುಚ್ಚಲಾ ಎಂದು ನಾನು ಗದರಿದೆ. ಅಷ್ಟರಲ್ಲಿ ಭೂತಮ್ಮ ಒಳಗೆ ಹೋಗಿ ತನ್ನ ಹಕ್ಕುಪತ್ರ ತಂದು ಜೀಪಿನ ಬಾನೆಟ್ಟಿನ ಮೇಲಿಟ್ಟಳು. ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲಿಟ್ಟಳು.

“ಸ್ವಾಮಿ, ಹತ್ತು ಅಂತ ಬರೀಬ್ಯಾಡಿ. ಹನ್ನೊಂದು ಬರೀರಿ, ಇಲ್ಲ ಸೊನ್ನೆ ಬರೀರಿ. ಸೊನ್ನೆ ಬರಿಯಂಗಿದ್ರೆ ನಂದು ಇಲ್ಲೈತೆ, ತಗೊಂಡೋಗಿ.”

ಅವಳು ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ. ಎರಡನೆಯ ಮನೆಯವನು ತಂದಿಟ್ಟ. ಚಿಲಕ ಹಾಕಿಕೊಂಡಿದ್ದವಳು ತಂದಿಟ್ಟಳು. ಹತ್ತು ಕಾಗದಗಳು ಕಲ್ಲಿನ ಕೆಳಗೆ ಸೇರಿದವು. ಸಣ್ಣತಿಮ್ಮಯ್ಯ ಕೊನೆಗೆ ತನ್ನದನ್ನು ತಂದು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿದರು. ಸರ್ಕಾರಕ್ಕೆ ಮಾರನೆಯ ದಿನವೇ ವರ್ಷದ ಕೊನೆಯಂತೆ, ಮೇಲಿನವರಿಗೆ ಇಷ್ಟು ಮನೆ ಎದ್ದಿವೆ ಎಂದು ಲೆಕ್ಕ ಹೋಗಬೇಕಂತೆ. ಹತ್ತಾದರೆ ಹತ್ತು. ಸೊನ್ನೆಯಾದರೆ ಅವರು ಯಾರಿಗೆ ಮುಖ ತೋರಿಸುತ್ತಾರೆ? ಕೊನೆಗೆ ಹನ್ನೊಂದು ಎಂದು ಬರೆದರು. ಪಕ್ಕದಲ್ಲಿ ಏನೋ ಸೇರಿಸಿದರು. ಏನೆಂದು ಓದಿ ಹೇಳಿ ಎಂದೆ. ಹನ್ನೊಂದನೆಯ ಮನೆಯನ್ನು ಮಳೆ ಬಿದ್ದ ಮೇಲೆ ಮತ್ತೆ ನೋಡತಕ್ಕದ್ದು ಎಂದು ಓದಿದರು.

ಜೀಪು ಹೋದ ಮೇಲೆ ಯಾರೂ ಕುಣಿಯಲಿಲ್ಲ. ಎಲ್ಲರೂ ಹೋಗಿ ಸಣ್ಣತಿಮ್ಮಯ್ಯನ ಗೋಡೆಯನ್ನು ಬೆರಳಿಂದ ಮುಟ್ಟಿ ನೋಡಿದರು.

ಲಕ್ಕಯ್ಯ

•

ತಿಪಟೂರು
23-4-1979

ಅಪ್ಪನವರಿಗೆ,

ಕಾರೇಬೋರೆಯ ಹನ್ನೊಂದು ಹೆಸರುಗಳ ಪಟ್ಟಿಯನ್ನು ನಾನೇ ಟೈಪು ಮಾಡಿದೆ. ಹತ್ತು ಹೆಸರುಗಳ ಮುಂದೆ 'ಪೂರ್ಣ' ಎಂದಿದೆ. ಸಸಿಮಡಿಯ ಅರ್ಜಿ ವಜಾ ಆಗಿಲ್ಲ, ಹನ್ನೊಂದನೆಯ ನಿವೇಶನದ ಮಟ್ಟಿಗೆ ಬಾಕಿ ಇಟ್ಟಿದ್ದಾರೆ. ಮರುತನಿಖೆ ಜೂನ್ ಹದಿನೈದಕ್ಕೆ. ಇದನ್ನು ಬರೆಯಲು ನನಗೆ ಅಡ್ಡಿಯಿಲ್ಲ, ನೋಟೀಸ್ ಬೋರ್ಡಿನಲ್ಲೂ ಹಾಕಿದ್ದಾರೆ.

ದೀಪಾವಳಿಗೆ ನಾನು ಬರದಿದ್ದುದಕ್ಕೆ ಕಾರಣ ಕೇಳಿ. ಆ ವಾರ ಆಫೀಸಿನಲ್ಲಿ ನಿವೇಶನಗಳ ಪಟ್ಟಿ ತಯಾರಾಗುತ್ತಿತ್ತು. ಉಳಿದವರೆಲ್ಲ ಹಬ್ಬಕ್ಕೆ ಹೋಗಿದ್ದರು. ನಾನೂ ಹೋಗಿದ್ದರೆ ನಮ್ಮ ಊರಿನ ಪಟ್ಟಿ ಆ ಕಂತಿನಲ್ಲಿ ಹೋಗುತ್ತಿರಲಿಲ್ಲ. ಇದನ್ನು ಆಗ ಬರೆದಿದ್ದರೆ ನೀವು ಊರಿಗೆಲ್ಲ ಹೇಳುತ್ತಿದ್ದಿರಿ.

ಅವ್ವನಿಗೆ ಇನ್ನೊಂದು ಶೀಷೆ ಎಣ್ಣೆ ಕಳಿಸಿದ್ದೇನೆ.

ಹೊಂಬಾಳೆ

•

ಕಾರೇಬೋರೆ
17-6-1979

ಹೊಂಬಾಳೆಗೆ,

ಏಪ್ರಿಲಿನ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನಡುವೆ ನಾಲ್ಕು ಸಲ ಬರೆಯಲು ಕೂತು ಎದ್ದೆ. ನಿನ್ನವ್ವನಿಗೆ ಓದಿ ಹೇಳಿದೆ. ಊರಿಗೆ ಹೇಳಿಲ್ಲ.

ಸಣ್ಣತಿಮ್ಮಯ್ಯನ ಗೋಡೆ ಬಿತ್ತು. ಹೋದ ಸೋಮವಾರ ಮಧ್ಯಾಹ್ನ ಮುಂಗಾರಿನ ದೊಡ್ಡ ಮಳೆ ಬಂತು. ಪಡುವಲ ಗೋಡೆ ನೀರು ಕುಡಿದು ಕುಡಿದು ಹೊಟ್ಟೆ ಬಿಟ್ಟು ಕೂತುಬಿಟ್ಟಿತು, ಜೊತೆಗೆ ಬಡಗಣ ಗೋಡೆಯ ಅರ್ಧವೂ ಹೋಯಿತು. ಮಕ್ಕಳು ಭೂತಮ್ಮನ ಮನೆಯಲ್ಲಿದ್ದರು, ಯಾರಿಗೂ ಏನೂ ಆಗಲಿಲ್ಲ. ಮಾಡು ಬೀಳಲಿಲ್ಲ. ಆ ಗೋಡೆಯನ್ನು ನಾನು ಮೊದಲಿಂದ ನಂಬಿರಲಿಲ್ಲ. ತೊಲೆಯ ಕೆಳಗೆ ನಾಲ್ಕು ತೆಂಗಿನ ಕಂಬ ಕೊಟ್ಟಿದ್ದೆ. ಒಂದಂಕಣ ಹೆಂಚು ಗೋಡೆಯಿಲ್ಲದೆ ಕಂಬದ ಮೇಲೆ ನಿಂತಿತ್ತು.

ತಪ್ಪು ನನ್ನದು. ಮಣ್ಣಿನ ಗೋಡೆಗೆ ಎಷ್ಟು ದಿನ ಬೇಕೆಂದು ನಲವತ್ತು ವರ್ಷದಿಂದ ಗೊತ್ತಿದ್ದವನು ತಾರೀಖಿಗೆ ಹೆದರಿ ಹಸಿಯ ಮೇಲೆ ಹಸಿಯಿಟ್ಟೆ, ಆಮೇಲೆ ಒಣಗಿದರೂ ಒಳಗೆ ಬಿರುಕು ಉಳಿದಿತ್ತು. ಅದಕ್ಕೆ ಮೊದಲು ನಾಲ್ಕು ಮನೆಗೆ ಸುಣ್ಣ ಬಳಿಯುತ್ತಾ ಎರಡು ತಿಂಗಳು ಕಳೆದೆ. ಇದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಮಳೆ ನಿಂತ ಮೇಲೆ ಶ್ರೀರಂಗಯ್ಯನವರು ಕೊಡೆ ಹಿಡಿದು ಬಂದು ನೋಡಿದರು. ಕಚೇರಿಗೆ ಗೊತ್ತಾ ಎಂದು ಕೇಳಿದರು. ಶುಕ್ರವಾರ ಅವರೇ ಬರುತ್ತಾರೆ, ಕಣ್ಣಿದ್ದರೆ ಗೊತ್ತಾಗುತ್ತದೆ ಎಂದೆ. ಹೋಗುವಾಗ ನಿಂತು, “ನಮ್ ಹಳೆ ಕೊಟ್ಟಿಗೆ ಕೆಡವಿದ ಮಣ್ಣೈತೆ. ಒಣಗಿರೋದು. ಬೇಕಾದ್ರೆ ತಗೊಂಡೋಗು,” ಎಂದರು. ಅರ್ಜಿ ವಾಪಸ್ಸು ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಮಣ್ಣು ಒಳ್ಳೆಯದಿತ್ತು, ತಂದೆವು.

ಶುಕ್ರವಾರದೊಳಗೆ ಇಡೀ ಗೋಡೆ ಎಬ್ಬಿಸಿಬಿಡೋಣ ಎಂದು ಎಲ್ಲರೂ ಗುದ್ದಲಿ ಹಿಡಿದು ಬಂದರು. ಸಣ್ಣತಿಮ್ಮಯ್ಯನೂ ಹಾಗೇ ಅಂದ. ನಾನು ಒಪ್ಪಲಿಲ್ಲ. ಮಳೆ ಬಡಿಯದಂತೆ ಸುತ್ತ ಗರಿಯ ತಟ್ಟಿ ಕಟ್ಟಿಸಿದೆ. ಮಂಗಳವಾರ ಆ ಒಣ ಮಣ್ಣಿಗೆ ನೀರು ಕಡಿಮೆ ಹಾಕಿ ತುಳಿಸಿ ಮೊಳದೆತ್ತರ ಒಂದೇ ಒಂದು ವರಸೆ ಇಟ್ಟೆ. ನಿಲ್ಲಿಸಿದೆ. ನಿವೇಶನ ಹೋದರೆ ಏನು ಮಾಡುತ್ತೀಯ ಎಂದು ಸಣ್ಣತಿಮ್ಮಯ್ಯನ ಹೆಂಡತಿ ನನ್ನೆದುರು ಅತ್ತಳು. ಆದರೂ ಎರಡನೆಯ ವರಸೆ ಇಡಲಿಲ್ಲ.

ಶುಕ್ರವಾರ ಜೀಪು ಬಂತು. ಅದೇ ಇನ್ಸ್‌ಪೆಕ್ಟರು. ನಾಲ್ಕು ಕಂಬದ ಮೇಲೆ ಹೆಂಚು, ಕೆಳಗೆ ಮೊಣಕಾಲಿನವರೆಗೆ ಗೋಡೆ, ಸುತ್ತ ಹನ್ನೊಂದು ಸಂಸಾರ. “ಏನ್ರೀ ಇದು, ಮಾರ್ಚಿಗಿಂತ ಕಡಿಮೆ ಆಗೈತಲ್ಲ?” ಎಂದರು.

“ಮಾರ್ಚಿಂದು ನಿಮ್ ತಾರೀಖಿಗೆ ಕಟ್ಟಿದ್ ಗೋಡೆ ಸ್ವಾಮಿ, ಬಿತ್ತು,” ಎಂದೆ. “ಇದು ನಮ್ದು. ಪೂರ್ತಿ ನೋಡ್ಬೇಕಂದ್ರೆ ಒಣಗಿದ ಮೇಲೆ ಬನ್ನಿ.”

ಅವರು ನನ್ನನ್ನು ನೋಡಿದರು. ಬಗ್ಗಿ ಬೇಲಿಯ ಕಡ್ಡಿ ಮುರಿದು ಆ ಮೊಳದ ಗೋಡೆಗೆ ಚುಚ್ಚಿದರು. ಹೋಗಲಿಲ್ಲ. ಇನ್ನೊಂದು ಕಡೆ ಚುಚ್ಚಿದರು. ಅಲ್ಲೂ ಹೋಗಲಿಲ್ಲ. ಜೀಪಿಗೆ ಒರಗಿ ನಿಂತು ಏನೋ ಬರೆದುಕೊಂಡರು. ಈ ಸಲ ಓದಿ ಹೇಳಿ ಎಂದರೆ, ಕಚೇರಿಯಿಂದ ತಿಳಿಸುತ್ತಾರೆ ಎಂದು ಹೊರಟುಹೋದರು.

ಏನು ಬರೆದುಕೊಂಡರೋ ಗೊತ್ತಿಲ್ಲ. ಹೇಗೂ ನಿನ್ನ ಮೇಜಿಗೇ ಬರುತ್ತದೆ. ಏನಿದ್ದರೂ ಅದನ್ನೇ ಟೈಪು ಮಾಡು, ಒಂದಕ್ಷರ ಬದಲಿಸಬೇಡ. ಕೆಳಗೆ ನಿನ್ನ ಗುರುತೂ ಹಾಕು. ರದ್ದು ಎಂದಿದ್ದರೆ ಆ ಕಾಗದವನ್ನು ತಂದುಕೊಡುವವನು ಹನ್ನೊಂದು ಮನೆಯವರ ಮುಂದೆ ನಿಂತು ಓದಬೇಕಾಗುತ್ತದೆ. ನಾವು ಅಲ್ಲೇ ಇರುತ್ತೇವೆ.

ಮೊದಲ ವರಸೆ ಪೂರ್ತಿ ಒಣಗಿದೆ. ನಾಳೆ ಎರಡನೆಯದು ಇಡುತ್ತೇವೆ.

ನಿನ್ನಪ್ಪ,
ಲಕ್ಕಯ್ಯ